ಚಿಕ್ಕಮ್ಮನ ಮೂಗು

"ಸಾಸಿವೆ," ಎಂದಳು ದೊಡ್ಡಮ್ಮ, ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ.

"ಮೂಸೋ ಡಬ್ಬಾನ ಯಾರಾದ್ರೂ ಕಿವಿಗೆ ಇಟ್ಕೋತಾರಾ? ಮೂಗಿಗೆ ಹಿಡಿ ಅಕ್ಕ. ನಾಟಕಕ್ಕಾದ್ರೂ ಹಿಡಿ," ಎಂದು ಚಿಕ್ಕಮ್ಮ ಡಬ್ಬ ಕಿತ್ತುಕೊಂಡಳು. "ಸಾಸಿವೆ ಅಲ್ಲ, ಕಾಳುಮೆಣಸು."

"ಒಂದೇ ಥರ ಸದ್ದು ಮಾಡತ್ತೆ."

"ಸದ್ದಿಗೆ ಸರ್ಟಿಫಿಕೇಟ್ ಕೊಡಲ್ವಂತೆ."

ಮಧ್ಯಾಹ್ನದ ಊಟದ ಟ್ರಾಲಿಗಳು ವಾರ್ಡುಗಳಿಗೆ ಹೋಗಿದ್ದವು. ಆಸ್ಪತ್ರೆಯ ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ಒಬ್ಬಳು ಅಕ್ಕಿ ಮೂಟೆಯ ಮೇಲೆ, ಇನ್ನೊಬ್ಬಳು ಬೋರಲು ಹಾಕಿದ ತಪ್ಪಲೆಯ ಮೇಲೆ ಕೂತಿದ್ದರು. ಇಬ್ಬರ ನಡುವೆ ಒಂಬತ್ತು ಡಬ್ಬ. ದೊಡ್ಡಮ್ಮನಿಗೆ ಐವತ್ತಾರು, ಚಿಕ್ಕಮ್ಮನಿಗೆ ಐವತ್ತೊಂದು. ಅಣ್ಣತಮ್ಮಂದಿರನ್ನು ಮದುವೆಯಾಗಿ, ಒಂದೇ ಮನೆಯ ಮಹಡಿಯಲ್ಲಿ ಒಬ್ಬಳು, ಕೆಳಗಿನ ಮನೆಯಲ್ಲಿ ಒಬ್ಬಳು ಸಂಸಾರ ಮಾಡಿದ ವಾರಗಿತ್ತಿಯರು. ಆಸ್ಪತ್ರೆಯಲ್ಲಿ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಹಿರಿಯಳು ದೊಡ್ಡಮ್ಮ, ಕಿರಿಯಳು ಚಿಕ್ಕಮ್ಮ. ಸಂಬಂಧದಲ್ಲಿ ಯಾರಿಗೆ ಯಾರು ಏನಾಗಬೇಕು ಎಂದು ಯಾರೂ ವಿಚಾರಿಸಲು ಹೋಗಿರಲಿಲ್ಲ.

ಮನೆಯಲ್ಲಿ ಇಬ್ಬರದೂ ಎಣ್ಣೆ ಸೀಗೆಕಾಯಿ. ಒಮ್ಮೆ ಬಟ್ಟೆ ಒಣಹಾಕುವ ತಂತಿಯ ವಿಷಯಕ್ಕೆ ಹನ್ನೊಂದು ತಿಂಗಳು ಮಾತು ಬಿಟ್ಟಿದ್ದರು. ತಮಾಷೆಯೆಂದರೆ ಆ ಹನ್ನೊಂದು ತಿಂಗಳೂ ಅಡುಗೆಮನೆಯೊಳಗೆ "ಉಪ್ಪು ಕೊಡು", "ಒಲೆ ಸಣ್ಣ ಮಾಡು" ಎಂದು ಮಾತಾಡಿಕೊಂಡೇ ಇದ್ದರು. ಸಂಜೆ ಆಸ್ಪತ್ರೆಯ ಗೇಟು ದಾಟಿದ ಕೂಡಲೇ ಒಬ್ಬಳು ರಸ್ತೆಯ ಆ ಬದಿ, ಇನ್ನೊಬ್ಬಳು ಈ ಬದಿ. ಇಂಥವರನ್ನು ಜಗಳಗಂಟಿಯರು ಎನ್ನಬೇಕೋ ಗೆಳತಿಯರು ಎನ್ನಬೇಕೋ ಎಂದು ಟ್ರಾಲಿ ತಳ್ಳುವವನಿಗೇ ಕೊನೆಗೂ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಗದ್ದು ಆ ಆಸ್ಪತ್ರೆಯಲ್ಲಿ ಬಹಳ ಇರಲಿಲ್ಲ.

ಅವನಿಗೆ ಗೊತ್ತಾಗದ್ದು ಇನ್ನೂ ಒಂದಿತ್ತು. ಎರಡು ವರ್ಷದ ಹಿಂದೆ ಬಂದ ಒಂದು ಜ್ವರ ದೊಡ್ಡಮ್ಮನ ಮೂಗನ್ನು ತೆಗೆದುಕೊಂಡು ಹೋಗಿತ್ತು. ಮೂಗು ಇದ್ದಲ್ಲೇ ಇತ್ತು, ವಾಸನೆ ಮಾತ್ರ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ ತಿಳಿಯುತ್ತಿತ್ತು. ತಳ ಹಿಡಿದರೆ, ಎಣ್ಣೆ ಕಮಟಾದರೆ, ಮಾಂಸ ಹಳಸಿದರೆ ತಿಳಿಯುತ್ತಿರಲಿಲ್ಲ. ನೂರ ನಲವತ್ತು ರೋಗಿಗಳಿಗೆ ಅಡುಗೆ ಮಾಡುವ ಮುಖ್ಯ ಅಡುಗೆಯವಳು ತನಗೆ ವಾಸನೆ ಬರುವುದಿಲ್ಲ ಎಂದು ಯಾವ ಬಾಯಿಂದ ಹೇಳಿಯಾಳು? ಹೇಳಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದಳು.

ಚಿಕ್ಕಮ್ಮನಿಗೆ ಅದು ಗೊತ್ತಾದದ್ದು ಒಂದು ಬೆಳಿಗ್ಗೆ. ಹಿಂದಿನ ದಿನದ ಕೋಳಿ ಬೇಯಿಸಿದ ನೀರನ್ನು ದೊಡ್ಡಮ್ಮ ಸೂಪಿಗೆಂದು ಒಲೆಯ ಮೇಲಿಟ್ಟು, ಹಾಡು ಗುನುಗುತ್ತಾ ತರಕಾರಿ ಹಾಕಲು ಹೊರಟಿದ್ದಳು. ಬಾಗಿಲಲ್ಲಿ ಕಾಲಿಟ್ಟ ಚಿಕ್ಕಮ್ಮನ ಮೂಗಿಗೆ ಅದು ರಪ್ಪನೆ ಬಡಿಯಿತು. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಆರಾಮಾಗಿ ಹಾಡುತ್ತಿದ್ದಳು. ಚಿಕ್ಕಮ್ಮ ಸೀದಾ ಬಂದು ಪಾತ್ರೆಯ ಕಿವಿ ಹಿಡಿದು ಎತ್ತಿದವಳೇ ಅಷ್ಟನ್ನೂ ಮೋರಿಗೆ ಸುರಿದು, "ಅಯ್ಯಯ್ಯೋ, ಕೈ ಜಾರಿತು!" ಎಂದು ಕೂಗಿದಳು. ಅವತ್ತು ಮ್ಯಾನೇಜರು ಎಲ್ಲರೆದುರು ಅವಳಿಗೆ ಬೈದರು. ಅವಳು ತಲೆ ತಗ್ಗಿಸಿ ಬೈಸಿಕೊಂಡಳು. ಸಂಜೆ ಗೇಟು ದಾಟಿದ ಮೇಲೆ, ರಸ್ತೆಯ ಒಂದೇ ಬದಿಯಲ್ಲಿ ನಡೆಯುತ್ತಾ, "ಯಾವಾಗಿಂದ ಅಕ್ಕ?" ಎಂದು ಮಾತ್ರ ಕೇಳಿದ್ದಳು. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದಳು.

ಅಂದಿನಿಂದ ಚಿಕ್ಕಮ್ಮ ಪ್ರತಿ ಪಾತ್ರೆಯ ಮೇಲೂ ಬಾಗುವಳು. ಸರಿಯಿದ್ದರೆ "ಹೂಂ", ಇಲ್ಲದಿದ್ದರೆ ಕೆಮ್ಮು. ಎರಡು ವರ್ಷ ಯಾರಿಗೂ ಸುಳಿವು ಸಿಗಲಿಲ್ಲ. ಚಿಕ್ಕಮ್ಮನಿಗೆ ಯಾಕೋ ಕೆಮ್ಮು ವಾಸಿಯಾಗುತ್ತಿಲ್ಲ ಎಂದು ಒಬ್ಬ ನರ್ಸ್ ಮಾತ್ರ ಔಷಧಿ ತಂದುಕೊಟ್ಟಿದ್ದಳು.

ಹೀಗಿರುವಾಗ ಬಂತು ಹೊಸ ನಿಯಮ. ಆಹಾರ ಮುಟ್ಟುವ ಪ್ರತಿಯೊಬ್ಬರೂ ತಿಂಗಳೊಳಗೆ ಪರೀಕ್ಷೆ ಪಾಸಾಗಿ ಆಹಾರ ಸುರಕ್ಷತೆಯ ಪ್ರಮಾಣಪತ್ರ ಪಡೆಯಬೇಕು. ಇಲ್ಲದವರು ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ಬೇರೆಯವರಿಗೆಲ್ಲ ಒಂದು ದಿನದ ಪಾಠವಿತ್ತು. ಅಡುಗೆಯವರು ಪಾಠಕ್ಕೆ ಹೋದರೆ ರೋಗಿಗಳಿಗೆ ಊಟ ಹಾಕುವವರಾರು? ಹಾಗಾಗಿ ಇವರಿಬ್ಬರ ಕೈಗೂ ಒಂದೊಂದು ಹಸಿರು ರಟ್ಟಿನ ಪುಸ್ತಕ ಕೊಟ್ಟು, "ಓದ್ಕೊಂಡು ಬನ್ನಿ," ಎಂದರು ಮ್ಯಾನೇಜರು.

ಪುಸ್ತಕ ಓದಿದ್ದರೆ ಈ ಕಥೆ ಇಷ್ಟು ಉದ್ದವಾಗುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಟ್ರಾಲಿಯಣ್ಣ ಸುದ್ದಿ ತಂದ. ಅವನ ಭಾವಮೈದ ಇನ್ನೊಂದು ಕ್ಯಾಂಟೀನಿನಲ್ಲಿದ್ದಾನೆ, ಅವನ ಪರೀಕ್ಷೆ ಮುಗಿದಿದೆ. "ಕಣ್ಣಿಗೆ ಬಟ್ಟೆ ಕಟ್ತಾರಂತೆ ದೊಡ್ಡಮ್ಮ. ಒಂದೊಂದೇ ಪಾತ್ರೆ ಮುಂದೆ ಇಟ್ಟು, ಕೆಟ್ಟಿದ್ಯಾವುದು ಒಳ್ಳೇದ್ಯಾವುದು ಮೂಸಿ ಹೇಳಿ ಅಂತಾರಂತೆ. ಒಂದು ತಪ್ಪಿದ್ರೂ ಮನೆಗೆ!"

ಅವನು ಆಚೆ ಹೋದ ಮೇಲೆ ದೊಡ್ಡಮ್ಮ ಸೌಟು ಕೆಳಗಿಟ್ಟಳು. "ನನ್ನ ಕಥೆ ಮುಗೀತು ಕಣೇ," ಎಂದಳು. "ಒಬ್ಬೊಬ್ಬರನ್ನೇ ಒಳಗೆ ಕರೀತಾರಂತೆ. ಅಲ್ಲಿ ನೀನು ಎಲ್ಲಿ ಕೆಮ್ಮಕ್ಕಾಗತ್ತೆ?"

"ಸುಮ್ನಿರು. ನೀನಿಲ್ದೆ ನಾನು ಯಾರ ಕೈಕೆಳಗೆ ಮಾಡ್ಲಿ? ಹೋದ್ರೆ ಇಬ್ರೂ ಹೋಗೋಣ, ಇದ್ರೆ ಇಬ್ರೂ ಇರೋಣ," ಎಂದಿದ್ದಳು ಚಿಕ್ಕಮ್ಮ. ಮಾರನೆಯ ದಿನದಿಂದಲೇ ಉಗ್ರಾಣದಲ್ಲಿ ಡಬ್ಬಗಳ ಪಾಠ ಶುರುವಾಗಿತ್ತು.

ಮೂರು ವಾರ ಡಬ್ಬ ಅಲ್ಲಾಡಿಸಿದ್ದಾಯಿತು. ತೂಕ ನೋಡಿ, ಮುಟ್ಟಿ, ಆವಿಯ ಬಿಸಿಗೆ ಕೆನ್ನೆಯಿಟ್ಟು ಊಹಿಸಿದ್ದಾಯಿತು. ಒಂಬತ್ತರಲ್ಲಿ ನಾಲ್ಕರ ಮೇಲೆ ಒಂದು ದಿನವೂ ಹೋಗಲಿಲ್ಲ. ಬೇರೆ ದಾರಿ ಕಾಣದೆ ದೊಡ್ಡಮ್ಮ ಸಂಜೆ ಮನೆಗೆ ಹೋಗಿ ಕನ್ನಡಕ ಏರಿಸಿ ಹಸಿರು ಪುಸ್ತಕ ತೆರೆಯುತ್ತಿದ್ದಳು. ಮುಳುಗುವವನಿಗೆ ಹುಲ್ಲುಕಡ್ಡಿ ಎನ್ನುತ್ತಾರಲ್ಲ, ಹಾಗೆ. ಬಿಸಿ ಅಡುಗೆ ಅರವತ್ತು ಡಿಗ್ರಿಯ ಮೇಲಿರಬೇಕು, ತಣ್ಣನೆಯದು ಐದರ ಕೆಳಗಿರಬೇಕು, ನಡುವಿನದು ಅಪಾಯ. ಹಸಿ ಮಾಂಸ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ. ಮಾಡಿಟ್ಟ ಪ್ರತಿ ಪಾತ್ರೆಗೂ ದಿನ, ಹೊತ್ತು ಬರೆದ ಚೀಟಿ. ವಾಂತಿ ಭೇದಿಯಾದವರು ಎರಡು ದಿನ ಒಳಗೆ ಬರಬಾರದು. ಮೂಗಿನ ಬಗ್ಗೆ ಏನಾದರೂ ಇದೆಯೇ ಎಂದು ಹುಡುಕಿದಳು. ಸೀನುವಾಗ ಮುಚ್ಚಿಕೊಳ್ಳಿ ಎಂದಷ್ಟೇ ಇತ್ತು.

"ನೀನೂ ಓದೇ," ಎಂದರೆ ಚಿಕ್ಕಮ್ಮ, "ನಂಗ್ಯಾಕೆ? ನನ್ನ ಮೂಗಿದ್ಯಲ್ಲ," ಎಂದು ನಕ್ಕಳು. ಅವಳ ಪುಸ್ತಕ ಹಿಟ್ಟಿನ ಡಬ್ಬದ ಮುಚ್ಚಳದ ಮೇಲೆ ಕೂತಿತ್ತು. ಆ ಮುಚ್ಚಳಕ್ಕೆ ಭಾರ ಬೇಕಾಗಿತ್ತು.

ಪರೀಕ್ಷೆಯ ದಿನ ಮೊದಲು ಸರಿಯುತ್ತರದ ಕೆಳಗೆ ಗೆರೆ ಹಾಕುವ ಪ್ರಶ್ನೆಪತ್ರಿಕೆ. ಚಿಕ್ಕಮ್ಮ ಅಕ್ಕನ ಹಾಳೆಯ ಕಡೆ ಕಣ್ಣು ಹಾಯಿಸಿ ಹಾಯಿಸಿ ಗೆರೆ ಹಾಕಿ ಮುಗಿಸಿದಳು. ಆಮೇಲೆ ಒಬ್ಬೊಬ್ಬರನ್ನೇ ಒಳಗಿನ ಕೋಣೆಗೆ ಕರೆದರು. ಬಾಗಿಲಿಗೆ ಗಾಜಿತ್ತು. ಚಿಕ್ಕಮ್ಮ ಒಳಗೆ ಹೋದಾಗ ದೊಡ್ಡಮ್ಮ ಹೊರಗಿನ ಬೆಂಚಿನಿಂದ ಕತ್ತು ಉದ್ದ ಮಾಡಿ ನೋಡಿದಳು. ಕಣ್ಣಿಗೆ ಬಟ್ಟೆ ಕಟ್ಟಿರಲಿಲ್ಲ. ಆದರೆ ಮೇಜಿನ ಮೇಲೆ ಪಾತ್ರೆಯಿತ್ತು. ಚಿಕ್ಕಮ್ಮ ಅದರ ಮೇಲೆ ಬಾಗಿದಳು, ಕಣ್ಣು ಮುಚ್ಚಿ ಉಸಿರೆಳೆದಳು, ತಲೆಯಾಡಿಸಿ ನಕ್ಕಳು. ಟ್ರಾಲಿಯಣ್ಣ ಹೇಳಿದ್ದು ನಿಜವೇ ಹಾಗಾದರೆ! ಇಪ್ಪತ್ತೆರಡು ವರ್ಷದ ಕೆಲಸ ಇವತ್ತಿಗೆ ಕೊನೆ ಎಂದು ದೊಡ್ಡಮ್ಮ ಆ ಬೆಂಚಿನ ಮೇಲೆಯೇ ತೀರ್ಮಾನ ಮಾಡಿಕೊಂಡಳು.

ಅವಳ ಸರದಿ ಬಂತು. ಪರೀಕ್ಷೆ ಮಾಡುವ ಮೇಡಂ ಅವಳ ಮಗಳ ವಯಸ್ಸಿನವಳು. "ಕೂತ್ಕೊಳ್ಳಿ ಅಮ್ಮ," ಎಂದಳು. "ಇದು ಸೂಪು. ಈಗ ಊಟದ ಹೊತ್ತು ಅಂತ ಇಟ್ಕೊಳ್ಳಿ. ಇದನ್ನ ವಾರ್ಡಿಗೆ ಕಳಿಸ್ತೀರಾ?"

ದೊಡ್ಡಮ್ಮ ಕೂರಲಿಲ್ಲ. ಮೊದಲು ಮೂಲೆಯ ನಲ್ಲಿಗೆ ಹೋಗಿ ಕೈ ತೊಳೆದುಕೊಂಡಳು. ಪಾತ್ರೆಯ ಸುತ್ತ ತಿರುಗಿಸಿ ನೋಡಿದಳು. "ಚೀಟಿ ಇಲ್ಲ," ಎಂದಳು. ಪಕ್ಕದಲ್ಲಿದ್ದ ಥರ್ಮಾಮೀಟರಿನ ಕಡ್ಡಿಯನ್ನು ಒರೆಸಿ ಸೂಪಿನ ನಡುವಿಗೆ ಇಳಿಸಿದಳು, ಕಾದಳು. "ಮೂವತ್ತೆಂಟು. ಯಾವಾಗ ಇಳಿಸಿದ್ದು ಅಂತ ಗೊತ್ತಿಲ್ಲ, ಬಿಸೀನೂ ಇಲ್ಲ, ತಂಪೂ ಇಲ್ಲ. ಕಳಿಸಲ್ಲ ಮೇಡಂ. ಚೆಲ್ತೀನಿ."

ಮೇಡಂ ಏನೋ ಬರೆದುಕೊಂಡಳು. ತಲೆ ಎತ್ತದೆಯೇ, "ಒಂದ್ಸಲ ಮೂಸಿ ನೋಡಲಿಲ್ವಲ್ಲ?" ಎಂದಳು.

ಬಾಗಿ ಒಂದು ಉಸಿರೆಳೆದು "ಹೂಂ" ಎಂದರೆ ಮುಗಿಯಿತು, ನಾಟಕ ಎರಡು ವರ್ಷದಿಂದ ಅಭ್ಯಾಸವಾಗಿತ್ತು. ದೊಡ್ಡಮ್ಮ ಬಾಗಿದಳು ಕೂಡ. ಏನೂ ಬರಲಿಲ್ಲ. ಅವಳಿಗೆ ಒಮ್ಮೆಲೇ ಸಾಕುಸಾಕಾಗಿ ಹೋಯಿತು.

"ನಂಗೆ ವಾಸನೆ ಬರಲ್ಲ ಮೇಡಂ. ಎರಡು ವರ್ಷ ಆಯ್ತು. ಬರೆದುಕೊಂಡುಬಿಡಿ."

ಮೇಡಂ ಪೆನ್ನು ಕೆಳಗಿಟ್ಟಳು. "ಬೆಳಗಿಂದ ಹನ್ನೊಂದು ಜನ ಬಂದ್ರು ಅಮ್ಮ. ಒಂಬತ್ತು ಜನ ಮೂಸಿ ನೋಡಿ, ಚೆನ್ನಾಗಿದೆ ಕಳಿಸಬಹುದು ಅಂದ್ರು. ಈ ಸೂಪು ನಿನ್ನೆ ಸಂಜೆದು. ರಾತ್ರಿಯೆಲ್ಲ ಈ ಮೇಜಿನ ಮೇಲೇ ಇತ್ತು. ಬೆಳಗಿಂದ ಆಗಾಗ ಸ್ವಲ್ಪ ಬೆಚ್ಚಗೆ ಮಾಡ್ತಿದೀನಿ ಅಷ್ಟೇ." ಅವಳು ಪಾತ್ರೆಯ ಮುಚ್ಚಳ ಹಾಕಿದಳು. "ಮೂಗು ಕೆಟ್ಟಿದೆ ಅಂದ್ರೆ ಚೆಲ್ಲಿ, ಸರಿ. ಚೆನ್ನಾಗಿದೆ ಅಂದ್ರೆ ನಂಬಬೇಡಿ. ಮನುಷ್ಯರನ್ನ ಹಾಸಿಗೆ ಹಿಡಿಸೋ ಕ್ರಿಮಿಗಳು ಎಷ್ಟೋ ಸಲ ವಾಸನೆನೇ ಕೊಡಲ್ಲ. ನಿಮ್ಮ ಮೂಗಿಗೆ ನಾನು ಅಂಕ ಕಳೆಯಲ್ಲ. ಆದ್ರೆ ಮ್ಯಾನೇಜರಿಗೆ ಹೇಳಿ. ಗ್ಯಾಸ್ ಸೋರಿದ್ರೆ ಸದ್ದು ಮಾಡೋ ಯಂತ್ರ ಹಾಕಿಸಬೇಕು, ನಿಮಗೆ ತಿಳಿಯಲ್ವಲ್ಲ."

ಇಷ್ಟೇನಾ! ಬೆಟ್ಟ ಅಗೆದು ಇಲಿ ಹಿಡಿದಂತಾಯಿತಲ್ಲ ಎಂದು ದೊಡ್ಡಮ್ಮನಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಕಣ್ಣೊರೆಸಿಕೊಂಡು ಹೊರಗೆ ಬಂದರೆ ಚಿಕ್ಕಮ್ಮ ಓಡಿ ಬಂದು ಕೈ ಹಿಡಿದುಕೊಂಡಳು.

"ನಾನು ಸರಿಯಾಗಿ ಹೇಳ್ದೆ ಅಕ್ಕ. ಘಮ್ ಅಂತಿತ್ತು. ಧಾರಾಳವಾಗಿ ಕಳಿಸಬಹುದು ಅಂದೆ. ನೀನೇನಂದೆ?"

ದೊಡ್ಡಮ್ಮನ ನಗು ಅಲ್ಲೇ ನಿಂತುಹೋಯಿತು. "ನಾನೂ ಏನೋ ಒಂದು ಹೇಳ್ದೆ," ಎಂದಳು.

ಮೂರನೆಯ ದಿನ ಮ್ಯಾನೇಜರು ಇಬ್ಬರನ್ನೂ ಕರೆದು ಫಲಿತಾಂಶ ಓದಿದರು. ದೊಡ್ಡಮ್ಮ ಪಾಸು. ಚಿಕ್ಕಮ್ಮ ನಪಾಸು. ಹದಿನೈದು ದಿನದ ಮೇಲೆ ಮರುಪರೀಕ್ಷೆ. ಅಲ್ಲಿಯವರೆಗೆ ಅಡುಗೆಮನೆಗೆ ಬರುವ ಹಾಗಿಲ್ಲ. ಚಿಕ್ಕಮ್ಮ ಮೊದಲು ನಕ್ಕಳು, ಹೆಸರು ಅದಲುಬದಲಾಗಿದೆ ಎಂದುಕೊಂಡು. ಮ್ಯಾನೇಜರು ನಗದೆ, ಥರ್ಮಾಮೀಟರಿನ ಕಡ್ಡಿ ಇಳಿಸದೆ ಬರೀ ಮೂಸಿ ಸೂಪು ಕಳಿಸಬಹುದು ಎಂದದ್ದಕ್ಕೆ ಎಂದು ಕಾರಣ ಓದಿದಾಗ ಅವಳ ಮುಖ ಸಣ್ಣದಾಯಿತು.

ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. "ಅವಳನ್ನ ಕಳಿಸಬೇಡಿ ಸರ್. ನಂಗೆ ಎರಡು ವರ್ಷದಿಂದ ವಾಸನೆನೇ ಇಲ್ಲ. ಒಂದು ಪಾತ್ರೆ ಕೆಟ್ಟದ್ದು ವಾರ್ಡಿಗೆ ಹೋಗದ ಹಾಗೆ ಕಾದವಳು ಅವಳೇ. ಅವತ್ತು ಸೂಪು ಚೆಲ್ಲಿ ಬೈಸಿಕೊಂಡಿದ್ದೂ ನನಗೋಸ್ಕರ," ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಮ್ಯಾನೇಜರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಕೆಟ್ಟವರಲ್ಲ ಪಾಪ. ಅವತ್ತು ಬೈದದ್ದಕ್ಕೆ ಬೇಜಾರು ಮಾಡಿಕೊಂಡರು, ಗ್ಯಾಸಿನ ಯಂತ್ರ ಹಾಕಿಸುತ್ತೇನೆ ಎಂದರು. "ಆದ್ರೆ ನಿಯಮ ನಿಯಮಾನೇ ಚಿಕ್ಕಮ್ಮ. ಹದಿನೈದು ದಿನ."

ಗೇಟಿನವರೆಗೆ ಚಿಕ್ಕಮ್ಮ ಮುಂದೆ ಮುಂದೆ ನಡೆದಳು. ದಾಟಿದ ಮೇಲೆ ನಿಂತಳು.

"ಯಾಕೆ ಹೇಳ್ದೆ?"

"ನಿನ್ನ ಉಳಿಸ್ಕೊಳ್ಳೋಣ ಅಂತ."

"ಉಳಿಸ್ಕೊಂಡ್ಯಾ?"

ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅದೊಂದು ನಮ್ಮಿಬ್ಬರದೇ ಆಗಿತ್ತು ಅಕ್ಕ. ಮನೇಲಿ ಎಲ್ಲಾನೂ ಪಾಲು ಮಾಡ್ಕೊಂಡಿದೀವಿ, ತಂತೀನೂ ಅಳತೆ ಹಾಕಿ ಕಟ್ಟಿದೀವಿ. ಅದೊಂದು ಮಾತ್ರ ಇಬ್ಬರದೂ ಆಗಿತ್ತು," ಎಂದು ಚಿಕ್ಕಮ್ಮ ಮೂಗೊರೆಸಿಕೊಂಡಳು. "ಇರ್ಲಿ ಬಿಡು. ಇನ್ನು ನಿಂಗೆ ನಾನ್ಯಾಕೆ ಬೇಕು? ಕಡ್ಡಿ ಇದ್ಯಲ್ಲ, ಚುಚ್ಚಿ ನೋಡ್ಕೋ."

ಹಾಗೆಂದು ರಸ್ತೆ ದಾಟಿ ಆ ಬದಿಗೆ ಹೋದಳು.

ಚಿಕ್ಕಮ್ಮನ ಬದಲಿಗೆ ಬೇರೆ ಕ್ಯಾಂಟೀನಿನಿಂದ ಪ್ರಮಾಣಪತ್ರವಿದ್ದ ಒಬ್ಬಳು ಬಂದಳು. ಒಳ್ಳೆಯ ಹೆಂಗಸು, ಮಾತು ಕಡಿಮೆ. ಗೋಡೆಗೆ ಹೊಸ ಪಟ್ಟಿ ಅಂಟಿಸಿದರು. ದೊಡ್ಡಮ್ಮ ಗಂಟೆಗಂಟೆಗೆ ಕಡ್ಡಿ ಇಳಿಸಿ, ಡಿಗ್ರಿ ಬರೆದು, ಸಹಿ ಹಾಕಿದಳು. ಪ್ರತಿ ಪಾತ್ರೆಗೂ ಚೀಟಿ. ಮಿಕ್ಕಿದ್ದನ್ನು ಅಗಲ ತಟ್ಟೆಗಳಿಗೆ ಹರವಿ ಬೇಗ ಆರಿಸಿ ಫ್ರಿಜ್ಜಿಗೆ. ಎರಡು ವರ್ಷದಲ್ಲಿ ಮೊದಲ ಸಲ ಅವಳು ಯಾರ ಮುಖವನ್ನೂ ನೋಡದೆ ಟ್ರಾಲಿ ಕಳಿಸಿದಳು, ಮೊದಲ ಸಲ ಹೆದರಿಕೆಯಿಲ್ಲದೆ ನಿದ್ದೆ ಮಾಡಿದಳು. "ವಾರ್ಡಲ್ಲಿ ಒಬ್ರೂ ಚಕಾರ ಎತ್ತಿಲ್ಲ ದೊಡ್ಡಮ್ಮ," ಎಂದ ಟ್ರಾಲಿಯಣ್ಣ. ಅವಳು "ಹೌದಾ" ಎಂದಳು. ಅಭ್ಯಾಸ ಬಲದಿಂದ ಪಾತ್ರೆಯ ಮುಚ್ಚಳ ತೆಗೆದು ಪಕ್ಕಕ್ಕೆ ಸರಿದು ನಿಲ್ಲುವಳು, ಇನ್ನೊಬ್ಬಳು ಬಾಗಲು ಜಾಗ ಬಿಟ್ಟು. ಬದಲಿಯವಳು, "ಏನಾದ್ರೂ ಬೇಕಿತ್ತಾ?" ಎಂದು ಕೇಳುವಳು. ಏನೂ ಬೇಡ ಎಂದು ಮುಚ್ಚುವಳು.

ಹನ್ನೆರಡು ದಿನ ಮಹಡಿಯ ದೊಡ್ಡಮ್ಮ ಕೆಳಗಿನ ಬಾಗಿಲು ತಟ್ಟಲಿಲ್ಲ, ಕೆಳಗಿನವಳು ತಲೆ ಎತ್ತಲಿಲ್ಲ. ಹದಿಮೂರನೆಯ ದಿನ ರಜೆ. ಸಂಜೆ ದೊಡ್ಡಮ್ಮ ತನ್ನ ಒಲೆಯ ಮೇಲೆ ಒಂದು ಸಣ್ಣ ಪಾತ್ರೆ ಸೂಪು ಮಾಡಿದಳು. ಅದನ್ನು ಬಟ್ಟೆಯಲ್ಲಿ ಹಿಡಿದು, ಹಸಿರು ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದಳು.

ಚಿಕ್ಕಮ್ಮ ಪಾತ್ರೆ ತಿಕ್ಕುತ್ತಿದ್ದಳು. ತಿರುಗಲಿಲ್ಲ. "ಏನು?"

"ನಾಳಿದ್ದು ನಿನ್ನ ಪರೀಕ್ಷೆ."

"ನಾನು ಹೋಗಲ್ಲ."

ದೊಡ್ಡಮ್ಮ ಕರೆಯದಿದ್ದರೂ ಒಳಗೆ ಬಂದು ಮಣೆ ಎಳೆದುಕೊಂಡು ಕೂತಳು. ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದಳು. "ಕೈಗೆ ಸಾಬೂನು ಹಚ್ಚಿ, ಬೆರಳ ಸಂದಿಯಲ್ಲಿ, ಉಗುರಿನ ಕೆಳಗೆ, ಇಪ್ಪತ್ತು ಸೆಕೆಂಡು ಉಜ್ಜಬೇಕು."

"ಅಷ್ಟು ಹೊತ್ತು ಉಜ್ಜಿದ್ರೆ ಕೈರೇಖೆ ಇರಲಿ, ಹಣೆಬರಹಾನೂ ಅಳಿಸಿ ಹೋಗತ್ತೆ," ಎಂದಿತು ಬೆನ್ನು.

"ಬಿಸಿ ಅಡುಗೆ ಎಷ್ಟು ಡಿಗ್ರಿ ಮೇಲಿರಬೇಕು?"

"ಅರವತ್ತು." ಚಿಕ್ಕಮ್ಮ ಕತ್ತು ಹಿಂದಕ್ಕೆ ತಿರುಗಿಸಿದಳು. "ಹಾಗೆ ನೋಡಬೇಡ. ಮನೇಲಿ ಕೂತು ಕೂತು ಬೇಜಾರಾಗಿ ನಾಲ್ಕು ಪುಟ ತಿರುವಿದೆ. ಓದಕ್ಕೆ ಬರಲ್ಲ ಅಂತಲ್ಲ ಅಕ್ಕ. ಪಾಸಾದ್ರೂ ಅಲ್ಲಿ ಬಂದು ನಾನೇನು ಮಾಡ್ಲಿ? ನಿಂಗಿನ್ನು ಮೂಗು ಬೇಡ."

ದೊಡ್ಡಮ್ಮ ಪುಸ್ತಕ ಮಡಿಸಿದಳು. ಸೂಪನ್ನು ಒಂದು ಬಟ್ಟಲಿಗೆ ಬಗ್ಗಿಸಿ ನೆಲದ ಮೇಲಿಟ್ಟಳು. ಆವಿ ಎದ್ದಿತು.

"ಬಾ ಇಲ್ಲಿ. ಇದನ್ನ ನೋಡು."

"ಕೆಟ್ಟಿಲ್ಲ. ಇಲ್ಲಿಂದಲೇ ಗೊತ್ತಾಗತ್ತೆ."

"ಕೆಟ್ಟಿದ್ಯಾ ಅಂತ ನಾನು ಕೇಳ್ಲಿಲ್ಲ ಕಣೇ. ಕೆಟ್ಟಿಲ್ಲ ಅಂತ ನಂಗೊತ್ತು, ಈಗ ತಾನೇ ಮಾಡಿದ್ದು." ದೊಡ್ಡಮ್ಮ ಬಟ್ಟಲನ್ನು ಅವಳ ಕಡೆ ತಳ್ಳಿದಳು. "ಹೇಗಿದೆ ಅಂತ ಕೇಳ್ತಿದೀನಿ. ಎಲ್ರೂ ತಿಂತಾರೆ, ಒಬ್ರೂ ದೂರು ಹೇಳಲ್ಲ. ನಾನು ಮಾಡಿದ್ದು ಹೇಗಿರತ್ತೆ ಅಂತ ನಂಗೊಬ್ಬಳಿಗೇ ಗೊತ್ತಿಲ್ಲ. ಅದನ್ನ ಯಾವ ಕಡ್ಡಿ ಹೇಳತ್ತೆ?"

ಚಿಕ್ಕಮ್ಮ ಕೈ ತೊಳೆದುಕೊಂಡು ಬಂದಳು. ಸೆರಗಿಗೆ ಒರೆಸಿಕೊಳ್ಳಲು ಹೋಗಿ, ಬಿಟ್ಟು, ಹಾಗೇ ಕೊಡವಿ ಎದುರಿಗೆ ಕೂತಳು. ಬಟ್ಟಲಿನ ಮೇಲೆ ಬಾಗಿದಳು.

"ಚೆನ್ನಾಗಿದೆ."

"ಸರಿಯಾಗಿ ಹೇಳು."

"ಮೊದಲು ಈರುಳ್ಳಿ ಬರತ್ತೆ," ಎಂದಳು ಚಿಕ್ಕಮ್ಮ, ನಿಧಾನವಾಗಿ, ಹುಡುಕುತ್ತಾ. "ಬೆಣ್ಣೇಲಿ ಹುರಿದಿದೀಯ. ಅಂಚು ಕೆಂಪಾಗೋವರೆಗೆ. ಅದಕ್ಕೇ ಒಂಥರಾ ಸಿಹಿ ವಾಸನೆ. ಮೆಣಸು ಮೇಲೆ ಮೇಲೆ ಚುರ್ ಅಂತಿದೆ, ಮುಂಚೆಗಿಂತ ಒಂದು ಚಿಟಿಕೆ ಜಾಸ್ತಿ ಹಾಕ್ತೀಯ ಈಗ, ಗೊತ್ತಾ? ಕೆಳಗೆಲ್ಲೋ ಬೆಳ್ಳುಳ್ಳಿ."

"ಆಮೇಲೆ?"

"ಆಮೇಲೆ ಕೋಳಿ. ಜ್ವರ ಬಿಟ್ಟ ಮೇಲೆ ಮೊದಲ ಸಲ ಹಸಿವಾಗತ್ತಲ್ಲ ಅಕ್ಕ, ಆಗ ಒಳಮನೆಯಿಂದ ಬರತ್ತಲ್ಲ, ಹಾಗೆ."

ದೊಡ್ಡಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕಣ್ಣು ಮುಚ್ಚಿದ್ದಳು, ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಚಿಕ್ಕಮ್ಮ ಅದನ್ನು ನೋಡಿ ಮಾತು ನಿಲ್ಲಿಸಿದಳು.

"ಆರಿ ಹೋಗ್ತಿದೆ ಅಕ್ಕ. ಬಿಸಿಬಿಸಿ ಇರುವಾಗಲೇ ಕುಡಿ."

"ಆರ್ಲಿ ಬಿಡು," ಎಂದಳು ದೊಡ್ಡಮ್ಮ. "ನೀ ಹೇಳು."

ಚಿಕ್ಕಮ್ಮ ಮುಂಗುರುಳನ್ನು ಕಿವಿಯ ಹಿಂದೆ ಸರಿಸಿಕೊಂಡು, ಮತ್ತೆ ಬಟ್ಟಲಿನ ಮೇಲೆ ಬಾಗಿದಳು.